ಕಾಶವ್ವನ ನಾಲ್ಕು ಮಾತುಗಳು

ಫ್ಲೂಗರ್‌ವಿಲ್
5 ಫೆಬ್ರವರಿ 2017, ಭಾನುವಾರ

ಪ್ರೀತಿಯ ವಾಣಿ,

ಈ ಒಂದು ವಾಕ್ಯವನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದು ಮುಗಿಸಿಬಿಡುವವಳಿದ್ದೆ. ಮೂರು ಸಲ ಹಾಗೆ ಬರೆದೆ, ಮೂರು ಸಲವೂ ಹರಿದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಿನ್ನ ರಾಯ್ಸ್ ಅವರ ಕೋಚ್ ಕೆಲಸ ಹೋಗುವುದಕ್ಕೆ ಕಾರಣವಾದ ಆ ವರದಿಯನ್ನು ಬರೆದವಳು ನಾನು.

ನಿನಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ. ನಿಮ್ಮ ಕಾಲೇಜಿನವರು ಅದಕ್ಕೆ ತಮ್ಮ ಮುದ್ರೆ ಹಾಕಿ, ಹೊರಗಿನ ತಜ್ಞರಿಂದ ಬರೆಸಿದ್ದು ಎಂದಷ್ಟೇ ಹೇಳಿ ರಾಯ್ಸ್ ಅವರ ಕೈಗೆ ಕೊಟ್ಟರು. ಆ ತಜ್ಞರು ಆಸ್ಟಿನ್ನಿನ ನಮ್ಮ ಆಫೀಸಿನವರು, ಅವರಲ್ಲಿ ಇದನ್ನು ಬರೆದದ್ದು ನಾನೊಬ್ಬಳೇ. ನವೆಂಬರ್ ಕೊನೆಯಲ್ಲಿ ನಮ್ಮ ಮ್ಯಾನೇಜರ್ ಒಂದು ಫೈಲ್ ತಂದು ಮೇಜಿನ ಮೇಲಿಟ್ಟ. ಆಸ್ಪತ್ರೆಗಳ, ಶಾಲೆಗಳ ಅಂಕಿ ನೋಡುವ ನನಗೆ ಈ ದೇಶದ, ಚೆಂಡು ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲ್ ಫೈಲ್ ಬಂದದ್ದು ಅದೇ ಮೊದಲು. ಮೇಲೆ ನಿಮ್ಮ ಕಾಲೇಜಿನ ಹೆಸರು. ಕೇಳಿದ್ದ ಪ್ರಶ್ನೆ ಒಂದೇ: ನಮ್ಮ ಕೋಚ್ ಹದಿನೇಳು ವರ್ಷಗಳಿಂದ ಆಡಿಸುತ್ತಿರುವ ರಕ್ಷಣಾ ಪದ್ಧತಿ ಹಳತಾಗಿದೆಯೇ? ಆ ಕೋಚ್ ನನ್ನ ಗೆಳತಿಯ ಗಂಡ, ನಾನು ಇದನ್ನು ನೋಡಕೂಡದು ಅಂತ ಅಲ್ಲೇ ಹೇಳಬೇಕಿತ್ತು. ಹೇಳಲು ಒಂದು ನಿಮಿಷವೂ ಬೇಕಿರಲಿಲ್ಲ. ಬೇರೆ ಯಾರೋ ನೋಡುವುದಕ್ಕಿಂತ ನಾನು ನೋಡಿದರೆ ನ್ಯಾಯವಾಗಿ ನೋಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆಗ ಹಾಗೆ ನಂಬಿದ್ದೆನೋ, ಅಥವಾ ಫೈಲಿನ ಒಳಗೆ ಏನಿದೆ ಎಂಬ ಭಯವಿತ್ತೋ, ಈಗ ಖಚಿತವಾಗಿ ಹೇಳಲಾರೆ. ಭಯವೇ ಇತ್ತು ಅನಿಸುತ್ತದೆ. ಯಾಕೆಂಬುದನ್ನು ಮುಂದೆ ಬರೆಯುತ್ತೇನೆ.

ನಿನ್ನ ಕಾಗದ ಬಂದು ಐದು ದಿನವಾಯಿತು. ಫೋನ್ ಇದ್ದೂ ಕಾಗದ ಯಾಕೆ ಬರೆದೆ ಎಂದು ತಲೆಬುಡ ತಿಳಿಯದೆ ಒಡೆದೆ. ಓದಿದ ಮೇಲೆ ಗೊತ್ತಾಯಿತು. ಫೋನಿನಲ್ಲಿ ಮಾತಾಡಿದರೆ ರಾಯ್ಸ್ ಕೇಳಿಸಿಕೊಳ್ಳುತ್ತಾರೆ. ಕನ್ನಡ ಅವರ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ನಾನೂ ಅದಕ್ಕೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಕಾನ್ವೆಂಟಿನಲ್ಲಿ ಓದಿದವಳ ಕನ್ನಡ, ತಪ್ಪಿದ್ದರೆ ತಿದ್ದಿಕೊ. ಹ್ಯೂಸ್ಟನ್ನಿನ ಆ ಒಂದೇ ಕೋಣೆಯ ಮನೆಯಲ್ಲಿ ನಾವಿಬ್ಬರೂ ಇದ್ದಾಗ ನನ್ನ ದಿನಸಿ ಚೀಟಿ ನೋಡಿ, “ಏನವಾ ಅನೂ, ಅಂಕಲಿಪಿ ಮುಗಿಸಿಯೋ ಇಲ್ಲೋ?” ಅಂತ ಬಾಗಲಕೋಟೆಯ ನಗು ನಗುತ್ತಿದ್ದೆಯಲ್ಲ. ಈ ಸಲ ಅಕ್ಷರ ನೋಡಿಯಾದರೂ ನಕ್ಕರೆ ಸಾಕು.

ನಿನ್ನ ಕಾಗದದ ಈ ಸಾಲುಗಳನ್ನು ಎಷ್ಟು ಸಲ ಓದಿದೆನೋ: “ಅಂಕಿ ಸುಳ್ಳ ಹೇಳಂಗಿಲ್ಲ ಅಂತ ನೀನ ಹೇಳ್ತಿದ್ದಿ. ಇಂವನ ಆಟ ಖರೇನ ಹಳೇದಾಗೇತೇನು? ಆಗಿದ್ರ ಆಗೇತಿ ಅನ್ನು, ನಾನ ಇಂವಗ ಮೀನ ಹಿಡಿಯೋ ಗಾಳ ತಂದ ಕೊಡ್ತೀನಿ. ಆಗಿಲ್ಲಂದ್ರ ಅದನ್ನೂ ಹೇಳು. ಸಮಾಧಾನದ ಮಾತು ಮಾತ್ರ ಬರೀಬ್ಯಾಡ, ಅದು ನನಗ ಇಲ್ಲೇ ಬೇಕಾದಷ್ಟು ಸಿಗತೈತಿ.”

ಕೋಚ್ ಕೆಲಸ ಕೊಡುತ್ತೇವೆಂದ ಆ ಹೈಸ್ಕೂಲಿನವರು ಹದಿನೇಳನೇ ತಾರೀಖಿನೊಳಗೆ ಉತ್ತರ ಕೇಳಿದ್ದಾರೆ, ರಾಯ್ಸ್ ಒಲ್ಲೆ ಅನ್ನುತ್ತಿದ್ದಾರೆ, ಹಳೇ ಆಟ ಕಲಿಸಿ ಮಕ್ಕಳನ್ನು ಸೋಲಿಸಲಾರೆ ಅನ್ನುತ್ತಾರೆ, ಹದಿನೇಳು ವರ್ಷದ ನೋಟ್‌ಬುಕ್‌ಗಳನ್ನು ಡಬ್ಬಿಗೆ ತುಂಬಿ ಗ್ಯಾರೇಜಿನಲ್ಲಿಟ್ಟಿದ್ದಾರೆ, ರದ್ದಿಯವರು ಬರುವ ದಿನ ಎರಡು ಸಲ ನೀನೇ ಡಬ್ಬಿಗಳನ್ನು ಒಳಗೆಳೆದುಕೊಂಡೆ ಎಂದೆಲ್ಲ ಬರೆದಿದ್ದೀಯ. ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ ಮಾತು ನನ್ನದು ಎಂದು ತಿಳಿಯದೆ ನನ್ನನ್ನೇ ಕೇಳುತ್ತಿದ್ದೀಯ.

ಇವತ್ತು ನಿಮ್ಮ ಹ್ಯೂಸ್ಟನ್ನಿನಲ್ಲೇ ವರ್ಷದ ದೊಡ್ಡ ಪಂದ್ಯ. ಕೆಳಗೆ ನಮ್ಮನೆಯವರು ಸತ್ಯಪ್ರಕಾಶ ನಾಲ್ಕಾರು ಗೆಳೆಯರನ್ನು ಕೂರಿಸಿಕೊಂಡು ಟಿವಿ ನೋಡುತ್ತಿದ್ದಾರೆ. ಮೂರನೇ ಭಾಗದವರೆಗೂ ಗೆದ್ದೇಬಿಟ್ಟಿದ್ದ ತಂಡ ಈಗ ಸೋಲುತ್ತಿದೆಯಂತೆ. ಯಾರೋ “ಡಿಫೆನ್ಸ್ ಸುಸ್ತಾಗೋಯ್ತು ಕಣ್ರೀ” ಅಂದರು. ಇನ್ನೊಬ್ಬರು “ಸುಸ್ತಲ್ಲ ಮಾರಾಯ್ರೆ, ಆ ಡಿಫೆನ್ಸೇ ಓಲ್ಡ್ ಸ್ಟೈಲು” ಅಂದರು. ಕೈಯಲ್ಲಿ ಪಕೋಡದ ತಟ್ಟೆ ಹಿಡಿದು ಎಷ್ಟು ಸುಲಭವಾಗಿ ಅಂದುಬಿಟ್ಟರು. ನಾನು ಬಾಗಿಲು ಹಾಕಿಕೊಂಡು ಬಂದೆ. ಸಂಬಳ ತೆಗೆದುಕೊಂಡು ನಾನು ಹೇಳಿದ್ದೂ ಅದನ್ನೇ ಅಲ್ಲವೇ, ಇಪ್ಪತ್ತಾರು ಪುಟಗಳಲ್ಲಿ.

ನಿಮ್ಮವ್ವನ ಆ ನಾಲ್ಕು ಮಾತುಗಳ ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳಿದ ಹಾಗಾಗುತ್ತದೆ, ಆದರೂ ಮೊದಲಿನಿಂದ ಹೇಳದಿದ್ದರೆ ನನ್ನ ತಪ್ಪು ಎಲ್ಲಿ ಶುರುವಾಯಿತೆಂದು ನನಗೇ ಗೊತ್ತಾಗುವುದಿಲ್ಲ.

ತೊಂಬತ್ತೊಂಬತ್ತರ ಬೇಸಿಗೆ. ಕರಿಯ ಮನುಷ್ಯನೋ ಬಿಳಿಯ ಮನುಷ್ಯನೋ ಯಾರಾದರೇನು, ಕೇಳದೆ ಮದುವೆಯಾದೆಯಲ್ಲ ಎಂದು ನಿನ್ನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದ ನಿಮ್ಮವ್ವ ಕೊನೆಗೂ ಬಂದಿದ್ದರು. ಕಾಶವ್ವನವರಿಗೆ ಇಂಗ್ಲಿಷ್ ಬಾರದು, ರಾಯ್ಸ್‌ಗೆ ಆಗ “ನಮಸ್ಕಾರ್ರೀ, ಊಟ ಆತೇನ್ರೀ?” ಬಿಟ್ಟರೆ ಬೇರೆ ಬಾರದು. ಆ ಮನುಷ್ಯ ಹೋಟೆಲ್ಲಿನ ವೇಟರನಿಗೂ ಅದನ್ನೇ ಹೇಳುತ್ತಿದ್ದರು. ಕಾಶವ್ವ ರೊಟ್ಟಿ ಬಡಿಯುವಾಗ ಹೆಂಚಿನ ಮೇಲಿಂದಲೇ ರೊಟ್ಟಿ ಎತ್ತಲು ಹೋಗಿ, “ಹಿಂದಕ್ಕ ಸರೀ, ಸುಡತೈತಿ!” ಎಂದು ಬೈಸಿಕೊಂಡರು. ಫ್ರಿಜ್ಜಿನ ಬಾಗಿಲು ತೆಗೆದು ಯೋಚಿಸುತ್ತ ನಿಂತರೆ “ಮುಚ್ಚು!”. ಅಡ್ಡಡ್ಡ ಓಡಾಡಿದರೆ “ಅಲ್ಲೇ ನಿಲ್ಲು!”. ‘ನುಗ್ಗು’ ಮಾತ್ರ ಅಡಿಗೆಮನೆಯದಲ್ಲ. ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಆರಡಿ ಮೂರಂಗುಲದ ಅಳಿಯನ ಬೆನ್ನಿಗೆ ಎರಡೂ ಕೈ ಕೊಟ್ಟು, “ನುಗ್ಗು, ನುಗ್ಗೋ ಯಪ್ಪಾ, ಪಾಯಸ ಮುಗೀತೈತಿ!” ಅಂದರು. ನಾನೂ ಆ ಸಾಲಿನಲ್ಲಿದ್ದೆ.

ಆ ಸೆಪ್ಟೆಂಬರಿನಲ್ಲಿ ರಾಯ್ಸ್ ತಮ್ಮ ಹುಡುಗರಿಗೆ ಆ ನಾಲ್ಕು ಮಾತು ಕಲಿಸಿದರು. ಅವರ ಪದ್ಧತಿಯನ್ನು ಅವರೇ ನನಗೆ ಉಪ್ಪಿನ ಡಬ್ಬಿ, ಚಮಚ ಇಟ್ಟು ತೋರಿಸಿದ್ದರು. ಎದುರಾಳಿ ಎಲ್ಲಿ ಓಡಿದರೂ ಅವನ ಬೆನ್ನು ಹತ್ತಬೇಡ, ನಿನ್ನ ಪಾಲಿನ ಜಾಗ ಕಾಯಿ. ಚೆಂಡು ಹೊರಡುವ ಕೊನೇ ಗಳಿಗೆಯಲ್ಲಿ ಒಬ್ಬ ಕೂಗುತ್ತಾನೆ, ಆ ಮಾತಿನಂತೆ ಹನ್ನೊಂದು ಜನವೂ ಜಾಗ ಬದಲಿಸಬೇಕು. ಹಿಂದಕ್ಕ ಅಂದರೆ ಉದ್ದನೆಯ ಎಸೆತ ಕಾಯಲು ಹಿಂದೆ ಸರಿಯುವುದು. ಮುಚ್ಚು ಅಂದರೆ ನಡುವೆ ಕೂಡಿಕೊಳ್ಳುವುದು. ನಿಲ್ಲು, ಇದ್ದಲ್ಲೇ. ನುಗ್ಗು, ಚೆಂಡು ಹಿಡಿದವನ ಮೇಲೆ ಬೀಳುವುದು. ಟೆಕ್ಸಾಸಿನ ದನದ ಸೀಮೆಯಿಂದ ಬಂದ ಹುಡುಗರು ನಿಮ್ಮವ್ವನ ರಾಗದಲ್ಲೇ “ಹಿಂದಕ್ಕಾ!” ಎಂದು ಕೂಗುವುದನ್ನು ಕೇಳಿ ನಾನೂ ನೀನೂ ಗ್ಯಾಲರಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆವು. ನಗು ನಿಂತ ಮೇಲೆ ನೀನು ನನ್ನ ಮಣಿಕಟ್ಟು ಹಿಡಿದು, “ಯಾರ ಮುಂದನೂ ಬಾಯಿ ಬಿಡಬ್ಯಾಡ ಅನೂ. ಇಂವನ ಅನ್ನ ಇದರ ಮ್ಯಾಲೆ ಐತಿ” ಅಂದೆ. ನಾನು ಹೂಂ ಅಂದೆ.

ಹದಿನೈದು ವರ್ಷ ಆ ಮಾತು ಉಳಿಸಿಕೊಂಡಿದ್ದೆ.

ಉಳಿದದ್ದನ್ನು ಇವತ್ತು ಬರೆಯಲಾಗುತ್ತಿಲ್ಲ.

12 ಫೆಬ್ರವರಿ, ಭಾನುವಾರ

ಒಂದು ವಾರ ಈ ಕಾಗದ ಡ್ರಾಯರಿನಲ್ಲಿತ್ತು. ಇನ್ನೊಂದು ವಾರ ಅಲ್ಲೇ ಬಿಟ್ಟಿದ್ದರೆ ಹದಿನೇಳನೇ ತಾರೀಖು ತಾನಾಗಿ ಕಳೆದುಹೋಗುತ್ತಿತ್ತು. ನಾನು ಅದಕ್ಕೇ ಕಾಯುತ್ತಿದ್ದೇನೆಂದು ಇವತ್ತು ಬೆಳಿಗ್ಗೆ ಕಾಫಿ ಸೋಸುವಾಗ ಹೊಳೆಯಿತು, ನಾಚಿಕೆಯಾಯಿತು.

2014ರ ನವೆಂಬರ್ ಎರಡು. ಡಲ್ಲಾಸ್ ಹತ್ತಿರದ ಇರ್ವಿಂಗಿನ ಹಾಲ್‌ನಲ್ಲಿ ರಾಜ್ಯೋತ್ಸವ ಮುಗಿಸಿ, ನಾವೆಲ್ಲ ಕಾಪೆಲ್‌ನ ಆನಂದ್ ಅವರ ಮನೆಗೆ ಊಟಕ್ಕೆ ಹೋದೆವು. ಆನಂದ್ ಸತ್ಯಪ್ರಕಾಶರ ಹಳೇ ಸಹಪಾಠಿ. ನಮ್ಮ ಶ್ರಾವಣಿಗೆ ಆಗ ಹದಿನಾರು. ಆ ಬೆಳಿಗ್ಗೆ ಅವಳನ್ನು ನಾಡಗೀತೆಗೆ ನಿಲ್ಲಿಸಲು ನೋಡಿದ್ದೆ, ಕಾರಿನಿಂದಲೇ ಇಳಿಯಲಿಲ್ಲ. ನಿನಗೆ ಗೊತ್ತು ಅವಳ ಸಂಗತಿ. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ, ಮೈಸೂರಿನ ಮನೆಯಲ್ಲೇ ಅಮ್ಮನಿಗೆ ‘ಯಾ’, ‘ಓಕೆ’ ಅನ್ನುತ್ತಿದ್ದವಳು ನಾನು. ನನ್ನ ಮಗಳ ಮೇಲೆ ಯಾವ ಮುಖ ಇಟ್ಟುಕೊಂಡು ಸಿಟ್ಟಾಗಲಿ? ಆದರೂ ಆ ದಿನ ಸಿಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ಒಂಥರಾ ಹಸಿವಿತ್ತು.

ಊಟದ ತಟ್ಟೆ ಹಿಡಿದು ಒಬ್ಬಳೇ ಕೂತಿದ್ದೆ. ಆನಂದ್ ಅವರ ಮಗಳು ಸಾನ್ವಿ ಬಂದು ಪಕ್ಕದಲ್ಲಿ ಕೂತಳು. ಡಲ್ಲಾಸಿನ ಕಾಲೇಜಿನಲ್ಲಿ ಮೂರನೇ ವರ್ಷ ಓದುತ್ತಿದ್ದಳು. ಹುಟ್ಟಿದಾಗಿನಿಂದ ನೋಡಿದ್ದೇನೆ, ಒಂದು ದಿನವೂ ನನ್ನೊಂದಿಗೆ ಕನ್ನಡದಲ್ಲಿ ಬಾಯಿ ತೆರೆದವಳಲ್ಲ. ಆ ಹುಡುಗಿ, “ಆಂಟಿ, ‘ಹಿಂದಕ್ಕ’ ಅಂದ್ರೆ ಏನು?” ಅಂದಳು.

ನನಗೆ ತಲೆ ತಿರುಗಿತು ವಾಣಿ. “ನೋಡಿ, ನೋಡಿ, ಸಾನ್ವಿ ಕನ್ನಡದಲ್ಲಿ ಕೇಳ್ತಾ ಇದಾಳೆ!” ಎಂದು ಇಡೀ ಹಾಲಿಗೆ ಕೇಳುವಂತೆ ಕೂಗಿದೆ. ಆನಂದ್ ಅಡಿಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು, “ಐದು ವರ್ಷ ಸಂಡೇ ಕನ್ನಡ ಕ್ಲಾಸಿಗೆ ಡ್ರೈವ್ ಮಾಡಿದ ಪೆಟ್ರೋಲು ವೇಸ್ಟ್ ಆಗ್ಲಿಲ್ಲ ಬಿಡಿ” ಅಂದರು. ಎಲ್ಲರೂ ನಕ್ಕರು. ಸಾನ್ವಿಯೂ ನಕ್ಕಳು. ಹಿಂದಕ್ಕೆ ಅಂದರೆ ಹಿಂದಕ್ಕೆ, ಉತ್ತರ ಕರ್ನಾಟಕದವರು ಹಿಂದಕ್ಕ ಅಂತಾರೆ ಎಂದೆ. ಮತ್ತೆ “ಮುಚ್ಚು?” ಅಂದಳು. ಹೇಳಿದೆ. “ನುಗ್ಗು?” ನಿಂತು ನುಗ್ಗಿ ತೋರಿಸಿದೆ. ಫುಟ್‌ಬಾಲ್ ಆಡುವವರು ಇದನ್ನು ಯಾಕೆ ಹೇಳುತ್ತಾರೆ ಎಂದು ಕೇಳಿದಳು. ಅಲ್ಲಿ ನಾನು ನಿಲ್ಲಬೇಕಿತ್ತು. ನಾನು ಪೇಪರ್ ನ್ಯಾಪ್ಕಿನ್ ತೆಗೆದುಕೊಂಡು, ಹನ್ನೊಂದು ಚುಕ್ಕಿ ಇಟ್ಟು, ನಾಲ್ಕು ಮಾತುಗಳನ್ನೂ ಬರೆದು, ಯಾವ ಮಾತಿಗೆ ಯಾವ ಚುಕ್ಕಿ ಎಲ್ಲಿಗೆ ಹೋಗುತ್ತದೆಂದು ಬಾಣ ಹಾಕಿ ತೋರಿಸಿದೆ. ನನ್ನ ಗೆಳತಿಯ ಗಂಡ ಟೆಕ್ಸಾಸಿನ ಮೈದಾನದಲ್ಲಿ ಕನ್ನಡ ಕೂಗಿಸುತ್ತಾರೆ, ಗೊತ್ತಾ ಎಂದು ಜಂಬಪಟ್ಟೆ. ಅವಳು ನ್ಯಾಪ್ಕಿನ್ ಮಡಿಸಿ ಇಟ್ಟುಕೊಂಡಳು. ಕನ್ನಡ ಬರೆದ ಕಾಗದವನ್ನು ಒಂದು ಮಗು ಜೋಪಾನ ಮಾಡಿತಲ್ಲ ಎಂದು ಹಿಗ್ಗಿದೆ.

ಸಾನ್ವಿ ತನ್ನ ಕಾಲೇಜಿನ ತಂಡದ ವಿಡಿಯೊ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ, ಎದುರು ತಂಡಗಳ ಹಳೇ ಪಂದ್ಯಗಳನ್ನು ಧ್ವನಿ ಸಮೇತ ಕೂತು ನೋಡುವುದೇ ಅವಳ ಕೆಲಸ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಹಿಂದಿನ ವರ್ಷದ ನಿಮ್ಮ ಪಂದ್ಯ ನೋಡುವಾಗ ಅವಳಿಗೆ ಇದ್ದಕ್ಕಿದ್ದಂತೆ ಅಜ್ಜಿಯ ಭಾಷೆ ಕೇಳಿಸಿತ್ತು.

ಹದಿಮೂರು ದಿನಗಳ ಮೇಲೆ ಅವರಿಗೂ ನಿಮಗೂ ಪಂದ್ಯ. ನೀನೇ ಫೋನ್ ಮಾಡಿದ್ದೆ. “ಅನೂ, ಹಿಂದಕ್ಕ ಅಂದ್ರ ಮುಂದ ಓಡತಾರ, ಮುಚ್ಚು ಅಂದ್ರ ಬಾಜೂದಿಂದ ಹೋಗತಾರ. ಯಾರೋ ನಮ್ಮ ಮನೀ ಕೀಲಿ ಮಾಡಿಸಿಕೊಂಡಾಂಗ ಐತಿ” ಅಂದೆ. ನಾನು ಏನು ಹೇಳಿದೆ ಗೊತ್ತಾ? ಒಂದೊಂದು ದಿನ ಹಾಗಾಗುತ್ತೆ ಬಿಡು ಅಂದೆ. ಮುಂದಿನ ಬೇಸಿಗೆಯಲ್ಲಿ ಡಲ್ಲಾಸಿನ ಸಹಾಯಕ ಕೋಚ್ ಒಬ್ಬ ಬೇರೆ ಕಾಲೇಜಿಗೆ ಹೋದ. ಅದರ ಮುಂದಿನ ವರ್ಷ ಇನ್ನಿಬ್ಬರು ಬೇರೆ ಬೇರೆ ಕಡೆ ಹೋದರು. ನಿಮ್ಮವರ ಕಸುಬಿನಲ್ಲಿ ಜನ ಹೋಗುವಾಗ ತಿಳಿದದ್ದನ್ನು ಜೊತೆಗೆ ಕೊಂಡೊಯ್ಯುತ್ತಾರೆಂದು ರಾಯ್ಸ್ ಅವರೇ ಹೇಳುತ್ತಿದ್ದರಲ್ಲ.

ಹೀಗೆ ಡಿಸೆಂಬರಿನಲ್ಲಿ ಆ ಫೈಲ್ ನೋಡುತ್ತ ಕೂತವಳಿಗೆ ನನ್ನ ನ್ಯಾಪ್ಕಿನ್ ಎಲ್ಲೆಲ್ಲಿ ಓಡಾಡಿತೆಂಬುದು ಅಂಕಿಗಳಲ್ಲೇ ಕಂಡಿತು. ಆ ನವೆಂಬರಿನಿಂದೀಚೆಗೆ ನಿಮ್ಮ ತಂಡ ಆಡಿದ್ದು ಇಪ್ಪತ್ತೆರಡು ಪಂದ್ಯ. ಅದರಲ್ಲಿ ಏಳು, ಡಲ್ಲಾಸಿನವರ ಅಥವಾ ಅಲ್ಲಿಂದ ಹೋದವರ ತಂಡಗಳ ಜೊತೆ. ಆ ಏಳಕ್ಕೆ ಏಳೂ ಸೋತಿದ್ದೀರಿ. ಉಳಿದ ಹದಿನೈದರಲ್ಲಿ ಒಂಬತ್ತು ಗೆದ್ದಿದ್ದೀರಿ. ಆ ಏಳು ಪಂದ್ಯಗಳಲ್ಲಿ ನಿಮ್ಮ ತಂಡದ ಹುಡುಗ ಕೂಗಿದ ಮೇಲೆ ಎದುರಾಳಿಗಳು ತಮ್ಮ ಆಟ ಬದಲಿಸಿದ್ದು ನೂರಕ್ಕೆ ನಲವತ್ತೊಂದು ಸಲ, ಮೊದಲು ಅದು ಹನ್ನೆರಡು ಇತ್ತು. ಇದನ್ನೆಲ್ಲ ಬರೆದೆ. ಅದು ವರದಿಯ ಹತ್ತೊಂಬತ್ತನೆಯ ಪುಟವಾಗಿತ್ತು. ಓದಿದವರು ಮುಂದೆ ಕೇಳುವ ಪ್ರಶ್ನೆ ಒಂದೇ: ಆ ಮಾತು ಅವರಿಗೆ ಗೊತ್ತಾದದ್ದು ಹೇಗೆ? ಎರಡು ದಿನ ಆ ಪುಟ ನೋಡಿದೆ. ಏಳು ಪಂದ್ಯ ಚಿಕ್ಕ ಸಂಖ್ಯೆ, ಇಷ್ಟರ ಮೇಲೆ ತೀರ್ಮಾನ ಮಾಡಬಾರದು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಪಾಠವೇನೋ ಸರಿ. ಆದರೆ ಚಿಕ್ಕ ಸಂಖ್ಯೆ ಎಂದು ಅಡಿಟಿಪ್ಪಣಿ ಹಾಕಿ ಪುಟವನ್ನು ಉಳಿಸಬಹುದಿತ್ತು. ನಾನು ಪುಟ ತೆಗೆದು, ಮುಂದಿನ ಪುಟಗಳ ಸಂಖ್ಯೆ ಬದಲಿಸಿದೆ. ಕೊನೆಯ ಸಾಲು ಹೀಗಿಟ್ಟೆ: “ಈ ಪದ್ಧತಿ ತನ್ನ ಕಾಲಕ್ಕೆ ಪ್ರಾಮಾಣಿಕವಾಗಿ ದುಡಿದಿದೆ, ಆ ಕಾಲ ಮುಗಿದಿದೆ.”

ಸಂಕ್ರಾಂತಿಗೆ ನಿಮ್ಮ ಮನೆಗೆ ಬಂದಾಗ ನೀನು ಎಳ್ಳು ಬೆಲ್ಲ ತರಲು ಒಳಗೆ ಹೋದೆ. ರಾಯ್ಸ್ ಆ ಸಾಲನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಹೇಳಿದರು. ನನ್ನ ಸಾಲು, ನನಗೆ. ಬರೆದವರು ಯಾರೋ ಒರಟಾಗಿ ಬರೆದಿಲ್ಲ, ಹಂಗಿಸಿಲ್ಲ, ಅದಕ್ಕೇ ನಾನು ನಂಬಿದೆ ಎಂದರು. ನೀನು ಅಂಕಿ ಬಲ್ಲವಳು ಅನೂ, ನಿನಗೂ ಹಾಗೇ ಅನಿಸುತ್ತಾ ಎಂದು ಕೇಳಿದರು. ನಾನು ಕಾಲ ಬದಲಾಗುತ್ತೆ ಅಂದೆ. ಅವರು ತಲೆಯಾಡಿಸಿ, ಅಷ್ಟರಲ್ಲಿ ಹೊರಗೆ ಬಂದ ನಿನ್ನ ಕಡೆ ತಿರುಗಿ, “ಅನೂಗೆ ಚಹಾ ಕೊಡ್ರೀ” ಅಂದರು. ಆ ಚಹಾ ಪೂರ್ತಿ ಕುಡಿದು ಎದ್ದು ಬಂದೆ. ಇದನ್ನು ನೀನು ಹೇಗೆ ಕ್ಷಮಿಸುತ್ತೀಯೋ ಗೊತ್ತಿಲ್ಲ. ಕ್ಷಮಿಸು ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ಕೇಳಿದರೆ ಅದನ್ನೂ ಕೊಡುವ ಕೆಲಸ ನಿನ್ನ ಮೇಲೆ ಬೀಳುತ್ತದೆ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಸಮಾಧಾನದ ಮಾತು ಬೇಡ ಅಂದಿದ್ದೀಯ, ಆದ್ದರಿಂದ ಎರಡೂ ಕಡೆ ಹೇಳುತ್ತೇನೆ.

ಹಳತಾಗಿದೆ, ಸ್ವಲ್ಪ. ಮೊದಲೆಲ್ಲ ಎದುರು ತಂಡದವರು ಗುಂಪುಗೂಡಿ ಏನಾಡಬೇಕೆಂದು ಪಿಸುಗುಟ್ಟಿ, ಬಂದು ನಿಂತು, ತಕ್ಷಣ ಆಡುತ್ತಿದ್ದರು. ಕೊನೇ ಗಳಿಗೆಯಲ್ಲಿ ಕೂಗಿದ ಮಾತು ಕೇಳಿಸಿದರೂ ಬದಲಿಸಲು ಅವರಿಗೆ ಪುರುಸೊತ್ತಿರುತ್ತಿರಲಿಲ್ಲ. ಈಗಿನವರು ಗುಂಪುಗೂಡುವುದೇ ಇಲ್ಲ. ಓಡಿ ಬಂದು ನಿಲ್ಲುತ್ತಾರೆ, ನಿಂತ ಮೇಲೆ ಕತ್ತು ತಿರುಗಿಸಿ ತಮ್ಮ ಕೋಚ್ ಕಡೆ ನೋಡುತ್ತಾರೆ, ಅವನು ಸನ್ನೆ ಮಾಡಿ ಆಟ ಬದಲಿಸುತ್ತಾನೆ. ಈ ಹೊಸ ಆಟದ ಮುಂದೆ ಗಟ್ಟಿಯಾಗಿ ಕೂಗುವ ಪದ್ಧತಿ ಅಪಾಯದ್ದು. ರಾಯ್ಸ್ ಪ್ರತಿ ವರ್ಷ ಮಾತು ಬದಲಿಸಬೇಕಿತ್ತು, ಸನ್ನೆಗೆ ಬರಬೇಕಿತ್ತು. ಬದಲಿಸಲಿಲ್ಲ. ಈ ದೇಶದ ಫುಟ್‌ಬಾಲಿನಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ ಒಂದು. ಇನ್ನೊಂದು, ಅವು ಕಾಶವ್ವನ ಮಾತುಗಳು. ನಿಮ್ಮವ್ವ ತೀರಿಕೊಂಡ ವರ್ಷವಾದರೂ ಬದಲಿಸಿ ಎಂದು ನೀನು ಹೇಳಿದ್ದಕ್ಕೆ, ಅವರ ದನಿ ಮೈದಾನದಲ್ಲಿ ಇರಲಿ ಎಂದರಂತೆ. ಅದು ಅವರ ತಪ್ಪು ಎಂದು ಬರೆಯಲು ನನಗೆ ಕೈ ಬರುವುದಿಲ್ಲ, ಆದರೆ ಕೋಚ್ ಆಗಿ ನೋಡಿದರೆ ತಪ್ಪೇ.

ಅಷ್ಟು ಬಿಟ್ಟರೆ, ತಮ್ಮ ತಮ್ಮ ಜಾಗ ಕಾಯುವ ಆ ಆಟ ಈಗಲೂ ಚೆನ್ನಾಗಿ ನಿಲ್ಲುತ್ತದೆ. ಮಾತು ಗೊತ್ತಿಲ್ಲದ ತಂಡಗಳ ಎದುರಿನ ಹದಿನೈದು ಪಂದ್ಯಗಳನ್ನು ಹೋದ ವಾರವಿಡೀ ಮತ್ತೆ ಲೆಕ್ಕ ಹಾಕಿದೆ. ಹತ್ತು ವರ್ಷದ ಹಿಂದಿನ ಅವರ ಆಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ ಇಷ್ಟು. ಹಳತಾಗಿದ್ದು ಕೂಗುವ ರೀತಿ. ಸೋಲಿಸಿದ್ದು ನಾನು. ಎರಡರಲ್ಲಿ ಯಾವುದು ಎಷ್ಟು ಪಾಲು ಎಂದು ಕೇಳಿದರೆ, ಪ್ರಾಮಾಣಿಕವಾಗಿ ಬೇರ್ಪಡಿಸಿ ಹೇಳಲಾರೆ. ಆದರೆ ಹೈಸ್ಕೂಲಿನ ಮಕ್ಕಳಿಗೆ ಕಲಿಸಲು ಅದು ಹಳತಾಗಿಲ್ಲ. ಮಾತು ಬದಲಿಸಿ ಹೋಗಲಿ, ಆದರೆ ಹೋಗಲಿ. ಹದಿನೇಳರೊಳಗೆ ಹೂಂ ಅನ್ನಲು ಹೇಳು. ಹತ್ತೊಂಬತ್ತನೆಯ ಪುಟ ಇದರ ಜೊತೆಗಿದೆ, ಅದು ಇಂಗ್ಲಿಷಿನಲ್ಲಿದೆ, ಅವರೇ ಓದಲಿ. ಈ ಕಾಗದವನ್ನು ಅವರಿಗೆ ಓದಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಅದೇ ಪುಟವನ್ನು ನಾಳೆ ನಮ್ಮ ಮ್ಯಾನೇಜರಿಗೂ ನಿಮ್ಮ ಕಾಲೇಜಿಗೂ ಕಳಿಸುತ್ತೇನೆ, ಯಾಕೆ ತೆಗೆದೆ ಎಂಬುದನ್ನೂ ಸೇರಿಸಿ. ನನ್ನ ಕೆಲಸ ಉಳಿಯುವುದಿಲ್ಲ ಅನಿಸುತ್ತದೆ. ಸತ್ಯಪ್ರಕಾಶರಿಗೆ ನಿನ್ನೆ ಹೇಳಿದೆ. “ವಾಣಿಗೆ ಮೊದಲು ಹೇಳು, ಆಫೀಸು ಆಮೇಲೆ” ಅಂದರು. ಶ್ರಾವಣಿ ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಾವು ಮಾತಾಡಿದ್ದು ಕನ್ನಡದಲ್ಲಿ, ಅವಳಿಗೆ ಒಂದು ಮಾತೂ ತಪ್ಪಿರಲಿಲ್ಲ.

ಡಿಸೆಂಬರಿನಲ್ಲಿ ವರದಿ ಕಳಿಸಿದ ಮೇಲೆ ಸಾನ್ವಿಗೆ ಫೋನ್ ಮಾಡಿದ್ದೆ. ಈಗ ಡಲ್ಲಾಸಿನ ಬಳಿ ಲಾಸ್ ಕೊಲಿನಾಸಿನಲ್ಲಿ ಯಾವುದೋ ಆಫೀಸಿನಲ್ಲಿದ್ದಾಳೆ. ನ್ಯಾಪ್ಕಿನ್ ತೋರಿಸಿದಾಗ ಅವರ ಕೋಚ್ ತನ್ನನ್ನು ಎಲ್ಲರ ಮುಂದೆ ಕರೆದು ಕೈ ಕುಲುಕಿದರು, ತನ್ನ ಭಾಷೆಯಿಂದ ಒಂದು ಉಪಯೋಗವಾದದ್ದು ಅದೇ ಮೊದಲು ಎಂದಳು. ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ನೀನೂ ಸಿಟ್ಟಾಗಬೇಡ. ಅವಳು ಇನ್ನೊಂದು ಮಾತೂ ಹೇಳಿದಳು, ಅದನ್ನು ಇಲ್ಲಿ ಬರೆಯುವುದಿಲ್ಲ.

ಡಬ್ಬಿಗಳನ್ನು ಗ್ಯಾರೇಜಿನಿಂದ ಒಳಗೇ ತಂದಿಟ್ಟುಕೊ.

ನಿನ್ನ ಮಾತು ಮುರಿದ,
ಅನುಸೂಯಾ

ಮರೆತದ್ದಲ್ಲ, ಬಿಟ್ಟದ್ದು: ಕಾಗದ ಮಡಿಸಿ, ಅಂಟು ಹಚ್ಚಿ, ಮತ್ತೆ ಬಿಚ್ಚಿದ್ದೇನೆ. ಸಾನ್ವಿ ಹೇಳಿದ ಮಾತು ಇದು: “ಆಂಟಿ, ಐ ಥಾಟ್ ಯು ನ್ಯೂ, ನಿಮಗೆ ಗೊತ್ತಿತ್ತು ಅಂತ. ಜಾಕೆಟ್ ಹಾಕ್ಕೊಂಡಿದ್ದೆನಲ್ಲ.” ಹಾಕಿಕೊಂಡಿದ್ದಳು. ಕೆಂಪು ಜಾಕೆಟ್, ಎದೆಯ ಮೇಲೆ ಆ ತಂಡದ ಗುರುತು, ಕೆಳಗೆ ‘ವಿಡಿಯೊ’ ಎಂದು ಹೊಲಿದ ಅಕ್ಷರ. ಒಳಗೆ ಸೆಕೆ, ತೆಗಿ ಪುಟ್ಟಾ ಎಂದು ನಾನೇ ಅದನ್ನು ಬಿಚ್ಚಿಸಿ, ಆ ಅಕ್ಷರ ಓದಿ, ಕುರ್ಚಿಯ ಬೆನ್ನಿಗೆ ಹಾಕಿದೆ. ಆಮೇಲೆ ಪೆನ್ ತೆಗೆದೆ. ಆಗ ಗೊತ್ತಿರಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಹೊಡೆದು ಹಾಕಬಹುದಿತ್ತು, ಹಾಕಿಲ್ಲ. ಇಷ್ಟೆಲ್ಲ ಒಪ್ಪಿಕೊಳ್ಳುವಾಗಲೂ ನಾನು ಎಂಥವಳೆಂದು ನಿನಗೆ ಕಾಣಲಿ. ಬರೇ ಆಟ ಎಂದುಕೊಂಡೆ. ನನ್ನ ಮನೆಯಲ್ಲಿ ಯಾರಿಗೂ ಬೇಡವಾದ ಭಾಷೆ ನಿನ್ನ ಮನೆಯಿಂದ ಹೊರಟು ಅಷ್ಟೊಂದು ಹುಡುಗರ ಬಾಯಲ್ಲಿತ್ತು, ಅದರಲ್ಲಿ ಒಂದಿಷ್ಟು ನನಗೂ ಬೇಕಿತ್ತು.

ಸ್ಟಾಂಪ್ ಹಚ್ಚಿದೆ. ಆಫೀಸಿಗೆ ಹೋಗುವ ಮೊದಲು, ಇನ್ನು ಬಿಚ್ಚದೆ, ಅಂಚೆಗೆ ಹಾಕುವುದು: ಸೋಮವಾರ, 13 ಫೆಬ್ರವರಿ 2017.